ಡಚ್ ಅಜ್ಜಿಯ ಬಿಸ್ಕತ್ತಿನ ಡಬ್ಬಿ

ನಾಲ್ಕು ಜನಕ್ಕೆ ತಿಳಿವಳಿಕೆ ಬರಲೆಂದು ನಾನು ಏನು ಏರ್ಪಡಿಸಿದರೂ ಹೀಗೇ ಆಗುತ್ತದೆ. ಅದಕ್ಕೇ ಎಲ್ಲವನ್ನೂ ಬರೆದಿಡುತ್ತೇನೆ.

ಮಲೇಷ್ಯಾದ ಪುಚೊಂಗ್‌ನಲ್ಲಿ ನಮ್ಮ ಕಾಂಡೊ ಫ್ಲ್ಯಾಟುಗಳ ಕನ್ನಡ ಹೆಂಗಸರು ತಿಂಗಳಿಗೊಮ್ಮೆ ನಮ್ಮ ಮನೆಯಲ್ಲಿ ಸಿನಿಮಾ ನೋಡುತ್ತಾರೆ. ಆರಿಸುವವಳು ನಾನು. ಕಾಲೇಜಿನ ಫಿಲ್ಮ್ ಸೊಸೈಟಿಗೆ ಕಾರ್ಯದರ್ಶಿಯಾಗಿದ್ದವಳು. ಅದರ ನಡಾವಳಿ ಪುಸ್ತಕ ಇನ್ನೂ ನನ್ನ ಬಳಿ ಇದೆ. ಈ ಸಲ ಡಚ್ಚರ ದಿನನಿತ್ಯದ ಬದುಕಿನ ಸಾಕ್ಷ್ಯಚಿತ್ರ ಹಾಕಿದೆ.

"ಮಧ್ಯದಲ್ಲಿ ಮೂರು ಜನ ಎದ್ದು ಹೋದ್ರೆ, ಮುಂದಿನ ತಿಂಗಳಿಂದ ಆರಿಸುವುದು ನಾನು, ಆಯ್ತಾ?" ಎಂದರು ಏಳನೇ ಮಹಡಿಯ ಡಾಕ್ಟರ ಹೆಂಡತಿ, ಉಡುಪಿಯವರು. ಅವರಿಗೆ ಸೀರಿಯಲ್ಲೇ ಪ್ರಪಂಚ. ಒಪ್ಪಿದೆ. ಎಲ್ಲರಿಗೂ ಕಾಫಿ ಕೊಟ್ಟು, ನೋಟ್‌ಬುಕ್ಕು ಹಿಡಿದು ಕೂತೆ.

೧. ಕಥೆ

ಡಚ್ ಅಜ್ಜಿಯೊಬ್ಬಳು ಮೇಜು ಒರೆಸಿದಳು. ಕಿಟಕಿ ಒರೆಸಿದಳು. ಮತ್ತೆ ಮೇಜು.

"ಕಥೆ ಯಾವಾಗ ಶುರು ಅಕ್ಕಾ?" ಎಂದಳು ಎದುರು ಮನೆಯ ಮೈಸೂರಿನವಳು.

"ಇದೇ ಕಥೆ. ಸಾಮಾನ್ಯ ಜನರ ಬದುಕು."

"ಇದನ್ನ ನಾನು ದಿನಾ ಮಾಡ್ತೀನಿ. ಒಬ್ಬರೂ ಕ್ಯಾಮೆರಾ ತರಲಿಲ್ಲ," ಎಂದು ಎದ್ದು ಹೋದಳು.

ಒಂದು ಗುರುತು ಹಾಕಿದೆ.

೨. ಪರದೆ

ಆ ಮನೆಗಳ ಕಿಟಕಿಗೆ ಪರದೆಯೇ ಇಲ್ಲ. ದಾರಿಯಲ್ಲಿ ಹೋಗುವವರಿಗೆ ಸೋಫಾ, ದೀಪ, ಊಟದ ತಟ್ಟೆ ಎಲ್ಲ ಕಾಣುತ್ತದೆ.

"ಅವರಿಗೆ ಮುಚ್ಚಿಡುವಂಥದ್ದೇನೂ ಇಲ್ಲ," ಎಂದು ವಿವರಿಸಿದೆ.

"ನಾ ಪರದಿ ತೆಗದ್ರ ಎದುರಿನ ಬ್ಲಾಕಿನವರು ತಮ್ಮ ಪರದಿ ಹಾಕ್ಕೋತಾರ್ರಿ," ಎಂದಳು ಹುಬ್ಬಳ್ಳಿಯವಳು. ಅಷ್ಟರಲ್ಲಿ ಮೋಡ ಕಂಡು, ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆ ನೆನಪಾಗಿ ಓಡಿದಳು.

ಎರಡು.

೩. ಡಬ್ಬಿ

ಡಾಕ್ಟರ ಹೆಂಡತಿ ನನ್ನತ್ತ ನೋಡಿ ನಕ್ಕು ಸೆರಗು ಸರಿಮಾಡಿಕೊಂಡರು. ಏಳುವುದಷ್ಟೇ ಬಾಕಿ. ಆಗಲೇ ಟೀವಿಯಲ್ಲಿ ಅಜ್ಜಿಯ ಮನೆಗೆ ನೆಂಟರು ಬಂದರು. ಅಜ್ಜಿ ಕಾಫಿ ಕೊಟ್ಟಳು, ಡಬ್ಬಿ ತೆಗೆದು ಒಬ್ಬೊಬ್ಬರಿಗೆ ಒಂದೊಂದು ಬಿಸ್ಕತ್ತು ಕೊಟ್ಟಳು, ಡಬ್ಬಿ ಮುಚ್ಚಿದಳು.

"ಒಂದೇ?" ಡಾಕ್ಟರ ಹೆಂಡತಿ ಒರಗಿ ಕೂತರು. "ಮರೆತದ್ದಿರಬೇಕು ಮಾರಾಯ್ರೆ. ಈಗ ತೆಗೀತಾಳೆ."

ತೆಗೆಯಲಿಲ್ಲ. ನೆಂಟರು ಹವಾಮಾನ, ಸೈಕಲ್ಲು, ಮೊಣಕಾಲು ನೋವು ಎಲ್ಲ ಮಾತಾಡಿದರು. ನಮ್ಮವರ ಕಣ್ಣು ಡಬ್ಬಿಯ ಮೇಲೆ. ಒಮ್ಮೆ ಅಜ್ಜಿ ಅತ್ತ ಕೈ ಚಾಚಿದಾಗ ಎಲ್ಲರೂ ಉಸಿರು ಬಿಗಿಹಿಡಿದರು. ಅವಳು ಪಕ್ಕದಲ್ಲಿದ್ದ ಕನ್ನಡಕ ತೆಗೆದುಕೊಂಡಳು. ನೆಂಟರು ಕೋಟು ಹಾಕಿಕೊಂಡು ಹೊರಟರು. ಸಿನಿಮಾ ಮುಗಿಯಿತು.

ಮೂರನೆಯವರು ಏಳಲೇ ಇಲ್ಲ.

ಗೆದ್ದ ಗತ್ತಿನಲ್ಲಿ ಬಾಗಿಲವರೆಗೆ ಹೋಗಿ ಬೀಳ್ಕೊಟ್ಟೆ.

"ಆಯ್ತು, ಆರಿಸುವುದು ನೀವೇ," ಎಂದರು ಡಾಕ್ಟರ ಹೆಂಡತಿ, ಚಪ್ಪಲಿ ಮೆಟ್ಟುತ್ತಾ. "ಆದ್ರೆ ಆ ಅಜ್ಜಿ ಒಂದಾದ್ರೂ ಕೊಟ್ಟಳು."

ತಿರುಗಿ ನೋಡಿದೆ. ಬೆಳಿಗ್ಗೆ ಕರಿದಿಟ್ಟ ಕೋಡುಬಳೆಯ ಡಬ್ಬಿ ಟೀಪಾಯಿಯ ಮೇಲೆ ಮುಚ್ಚಿದ ಹಾಗೇ ಇತ್ತು. ನೋಟ್‌ಬುಕ್ಕಿನಲ್ಲಿ ಮಾತ್ರ ನಾನು ಮೊದಲೇ ಬರೆದಾಗಿತ್ತು: 'ತಿಂಡಿ: ಕೋಡುಬಳೆ. ಎಲ್ಲರೂ ಮೆಚ್ಚಿದರು.'