ಚಾಡಿಕೋರ ಮೈಕು

ಮೈಕ್ ಸೆಟ್ ಬಾಡಿಗೆಗೆ ಕೊಡುವವನ ಬಾಳಿನಲ್ಲಿ ನಗೆಪಾಟಲಿಗೆ ಬರವಿಲ್ಲ, ನಗುವುದಕ್ಕೆ ಮಾತ್ರ ಪುರುಸೊತ್ತಿಲ್ಲ. ನಾನು ಗಂಭೀರ ಮನುಷ್ಯ. ಯುದ್ಧದ ಕಾಲದಲ್ಲಿ ತಾಲ್ಲೂಕು ಕಚೇರಿಯ ಗುಮಾಸ್ತಿಕೆ ಬಿಟ್ಟು ಚನ್ನಗಿರಿಯಲ್ಲಿ ಮೈಕ್ ಸೆಟ್ ಇಟ್ಟೆ. ಮನೆಯೊಳಗಿನ ಕಾರ್ಯಕ್ಕೆ ಟ್ರಂಕಿನಷ್ಟು ಚಿಕ್ಕದು, ಮಠದ ಅಂಗಳಕ್ಕೆ ನಡುವಿನದು, ಮೈದಾನಕ್ಕೆ ನಾಲ್ಕು ತುತ್ತೂರಿಯ ದೊಡ್ಡದು, ಹೀಗೆ ಮೂರು ಸೆಟ್ಟು. ಎಲ್ಲಿಗೆ ಯಾವುದು ಅನ್ನುವುದು ಒಂದು ವಿದ್ಯೆ. ಆ ವಿದ್ಯೆ ನನಗಿಂತ ಬಾಡಿಗೆಗೆ ಕೇಳಲು ಬರುವವರಿಗೇ ಚೆನ್ನಾಗಿ ಗೊತ್ತಿತ್ತು.

ನಮ್ಮಪ್ಪ ಹಳ್ಳಿ ಹಳ್ಳಿಗೆ ಹೋಗಿ ನಾಟಕ ಕಲಿಸುತ್ತಿದ್ದರು. ಅವರು ಒಂದು ಕಂದಪದ್ಯ ಹಾಡಿದರೆ ಕೊನೇ ಸಾಲಿನಲ್ಲಿ ಮಲಗಿದ್ದ ಕೂಸು ಎದ್ದು ಕೂರುತ್ತಿತ್ತು. ನಾನು ಸೆಟ್ಟು ತಂದ ದಿನ ಒಂದು ಸುತ್ತು ಹಾಕಿ ನೋಡಿ, "ದನಿ ಇಲ್ದೋರಿಗೆ ತಗಡಿನ ಬಾಯಿ" ಅಂದರು. ಆದರೂ ಎಲ್ಲಾ ಕಾರ್ಯಕ್ಕೂ ಜೊತೆಗೆ ಬರುತ್ತಿದ್ದರು. ಬಂದು ತುತ್ತೂರಿಗೆ ಬೆನ್ನು ಹಾಕಿ ಕೂರುತ್ತಿದ್ದರು. ನಾಲ್ಕು ವರ್ಷ ಒಂದು ಒಳ್ಳೇ ಮಾತು ಅವರ ಬಾಯಿಂದ ಬರಲಿಲ್ಲ. ನನಗೆ ಬೇಕಾಗಿದ್ದದ್ದು ಅದೊಂದೇ.

ಅವ್ವ ಸಮಾಧಾನ ಹೇಳುತ್ತಿದ್ದಳು. "ಮಕ್ಕಳನ್ನ ಎದುರಿಗೆ ಹೊಗಳಿದ್ರೆ ಆಯಸ್ಸು ಕಮ್ಮಿ ಆಗ್ತೈತಪ್ಪ. ಅದಕ್ಕೇ ಅವರು ಏನೂ ಅನ್ನಾದಿಲ್ಲ."

"ಹಂಗಾದ್ರೆ ನಾನು ನೂರಿಪ್ಪತ್ತು ವರ್ಷ ಬದುಕ್ತೀನಿ ಬಿಡವ್ವ" ಅಂದೆ.

ತೊಟ್ಟಿಲಿಗೆ ನಾಲ್ಕು ತುತ್ತೂರಿ

ನ್ಯಾಮತಿಯ ಒಬ್ಬ ಸಾಹುಕಾರರ ಮೊಮ್ಮಗನಿಗೆ ಹೆಸರಿಡುವ ಕಾರ್ಯ. "ನಡುಮನೆ ಅಷ್ಟು ದೊಡ್ಡದೇನಲ್ಲ ಸಾವ್ಕಾರ್ರೆ, ಚಿಕ್ಕ ಸೆಟ್ಟೇ ಹೆಚ್ಚಾತು" ಅಂದೆ.

"ಎದುರುಮನೆಯೋರು ಎರಡು ತುತ್ತೂರಿ ಹಾಕ್ಸಿದ್ರು ಕಣ್ರೀ. ನಮಗೆ ನಾಲ್ಕು ಬೇಕು."

ಆಯಿತು. ಮಾಳಿಗೆಯ ಮೇಲೆ ನಾಲ್ಕು ದಿಕ್ಕಿಗೂ ಒಂದೊಂದು ಕಟ್ಟಿದೆ. ಹೆಂಗಸರು ಜೋಗುಳ ಹಾಡಾಕೆ ಅಂತ ಮೈಕನ್ನು ತೊಟ್ಟಿಲ ಪಕ್ಕದಲ್ಲೇ ಇಟ್ಟುಕೊಂಡರು. ಸಾಹುಕಾರರು ಹೊರಗೆ ಜಗುಲಿಯಲ್ಲಿ ಬೀಗರ ಮುಂದೆ ಎದೆ ಉಬ್ಬಿಸಿ, "ನಮ್ಮಪ್ಪನ ಹೆಸರೇ ಇಡ್ತಿದೀವಿ, ಮಲ್ಲಪ್ಪ ಅಂತ" ಎನ್ನುತ್ತಿದ್ದರು. ಒಳಗೆ ಜೋಗುಳ ಮುಗಿಯಿತು. ಕೂಸಿನ ಸೋದರತ್ತೆ, ಅಂದರೆ ಸಾಹುಕಾರರ ಮಗಳು, ಬಗ್ಗಿ ಕಿವಿಯಲ್ಲಿ ಹೆಸರು ಹೇಳಿದಳು. ತೀರಾ ಮೆಲ್ಲಗೇ ಹೇಳಿದಳು, ಪಾಪ.

"ಕುರ್ರ್... ಮೋಹನ. ನಿಮ್ಮಜ್ಜ ಏನಾರ ಅನ್ಕಳ್ಳಿ, ನಿನ್ ಹೆಸರು ಮೋಹನ."

ನಾಲ್ಕು ತುತ್ತೂರಿ ನಾಲ್ಕು ದಿಕ್ಕಿಗೂ ಅದನ್ನೇ ಹೇಳಿದವು. ಜಗುಲಿಯ ಮೇಲೆ ಬೀಗರು ಪಂಚೆಯ ಅಂಚು ನೋಡುತ್ತ ಕೂತರು. ಸಾಹುಕಾರರು ಒಳಗೆ ನುಗ್ಗಬೇಕು, ಅಷ್ಟರಲ್ಲಿ ಪೆಟ್ರೋಲು ಸಿಗದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸಿಗೆ ಇದ್ದಿಲು ತುಂಬುತ್ತಿದ್ದವನು ಬೀದಿಯಿಂದಲೇ ಕೂಗಿದ: "ಸಾವ್ಕಾರ್ರೆ, ಮೋಹನನ ಸಕ್ಕರೆ ನಮಗೂ ಒಂದು ಹಿಡಿ ಕಳಿಸ್ರಿ!"

ಊರೆಲ್ಲ ಒಪ್ಪಿದ ಹೆಸರನ್ನು ಹಿಂದಕ್ಕೆ ತಗೊಳ್ಳುವುದು ಹೇಗೆ? ಸಕ್ಕರೆ ಹಂಚಿಸಿದರು. ದಾರಿಯಲ್ಲಿ ಅಪ್ಪ ಅಂದರು, "ಕಿವೀಲಿ ಹೇಳಿದ್ದನ್ನ ಊರಿಗೆ ಹೇಳ್ತೈತಲ್ಲೋ. ಚಾಡಿಕೋರ ನನ್ಮಗಂದು."

ಮೈಕಿನ ದೀಕ್ಷೆ

ಹೊನ್ನಾಳಿ ಕಡೆ ಒಂದು ಮಠದ ಅಂಗಳ. ಅಲ್ಲಿಗೆ ನಡುವಿನ ಸೆಟ್ಟೇ ಸರಿ. ಅವರೂ ಅದನ್ನೇ ಕೇಳಿದರು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಸ್ವಾಮಿಗಳ ಸ್ವಾಗತಕ್ಕೆ ಶಾಲೆಯ ಹೆಡ್‌ಮೇಷ್ಟ್ರು ಎದ್ದರು. ಸ್ವಾಮಿಗಳು ವೇದಿಕೆಯ ಹಿಂಭಾಗದಲ್ಲಿ, ಮೈಕು ಮುಂಭಾಗದಲ್ಲಿ. ಸ್ವಾಮಿಗಳಿಗೆ ಬೆನ್ನು ತೋರಿಸುವುದುಂಟೇ? ಮೇಷ್ಟ್ರು ಮೈಕಿಗೆ ಬೆನ್ನು ತೋರಿಸಿದರು. ಅವರ ಎದುರು ಬಾಯಿಬಿಟ್ಟು ಮಾತಾಡುವುದುಂಟೇ? ಶಲ್ಯದ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಹಾಗೆ ನಿಂತು ಅರ್ಧ ಗಂಟೆ ಭಾಷಣ ಮಾಡಿದರು. ಜನ "ಜೋರು ಮಾಡ್ರೀ!" ಅಂತ ನನ್ನನ್ನು ಬೈದರು. ನಾನು ತಿರುಪಿನ ಕಿವಿ ಹಿಂಡಿದಷ್ಟೂ ಸೆಟ್ಟು ನಾಯಿಮರಿಯ ಹಾಗೆ ಕುಂಯ್‌ಗುಟ್ಟಿತೇ ಹೊರತು ಮೇಷ್ಟ್ರ ಒಂದು ಮಾತೂ ಬರಲಿಲ್ಲ.

ಕೊನೆಗೆ ಮೈಕನ್ನು ಎತ್ತಿ ಸ್ವಾಮಿಗಳ ಪಾದದ ಹತ್ತಿರವೇ ಇಟ್ಟೆ. ಅದು ಇನ್ನೂ ದೊಡ್ಡ ತಪ್ಪಾಯಿತು. ದರ್ಶನಕ್ಕೆ ಬಂದವರೆಲ್ಲ ಸ್ವಾಮಿಗಳಿಗೆ ಅಡ್ಡಬಿದ್ದು, ಹಾಗೇ ಮೈಕನ್ನೂ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಒಬ್ಬ ಅಜ್ಜಿ ಅದಕ್ಕೆ ಹೂ ಏರಿಸಿ, ಮುಖದ ತುಂಬ ವಿಭೂತಿ ಬಳಿದಳು. ವಿಭೂತಿ ಸಣ್ಣ ತೂತುಗಳೊಳಗೆ ಇಳಿಯಿತು. ಮೈಕು ಎರಡು ಸಲ ಕೆಮ್ಮಿ ಸುಮ್ಮನಾಯಿತು. ನನಗೆ ಅಳು ಬರುವ ಹಾಗಾಯಿತು.

ಸ್ವಾಮಿಗಳು ನನ್ನನ್ನು ಕರೆದು ಶಾಂತವಾಗಿ ಅಂದರು, "ಚಿಂತೆ ಮಾಡಬೇಡಪ್ಪ. ದೀಕ್ಷೆ ಆಗೈತೆ, ಮೌನ ಹಿಡಿದೈತೆ."

ಹುಣಸೆಮರದ ಮೇಲೆ

ಆ ವರ್ಷ ಅಪ್ಪನ ಗಂಟಲು ಕೂತುಬಿಟ್ಟಿತು. ಕಷಾಯ, ಜೇನು, ಜ್ಯೇಷ್ಠಮಧು ಎಲ್ಲಾ ಆಯಿತು. ದನಿ ತಿರುಗಿ ಬರಲಿಲ್ಲ. ಎದುರಿಗೆ ಕೂತವರಿಗೆ ಕೇಳಿದರೆ ಹೆಚ್ಚು. ಅದೇ ಸಮಯಕ್ಕೆ ಜಗಳೂರಿನ ಮೈದಾನದಲ್ಲಿ ಅವರ ಶಿಷ್ಯರ ನಾಟಕ. ಮೊದಲ ಪ್ರಾರ್ಥನೆ ಯಾವಾಗಲೂ ಅಪ್ಪನದೇ. ಈ ಸಲ ಒಂದೋ ಮೈಕಿನ ಮುಂದೆ ನಿಲ್ಲಬೇಕು, ಇಲ್ಲ ಸುಮ್ಮನೆ ಕೂರಬೇಕು. ಕೇಳಾಕೆ ನನಗೆ ಧೈರ್ಯ ಸಾಲಲಿಲ್ಲ.

ಮಧ್ಯಾಹ್ನವೇ ದೊಡ್ಡ ಸೆಟ್ಟು ಹೂಡಿದೆ. ಮೂರು ತುತ್ತೂರಿ ಕಂಬಕ್ಕೆ ಕಟ್ಟಿ, ನಾಲ್ಕನೆಯದಕ್ಕೆ ಉದ್ದ ತಂತಿ ಎಳೆದು ಮೈದಾನದ ಆಚೆ ತುದಿಯ ಹುಣಸೆಮರ ಹತ್ತಿದೆ. ಬಿಗಿದು ಕಟ್ಟಿ ಕೂಗಿದೆ, "ಯಾರಾರ ಮೈಕಿನಾಗೆ ಮಾತಾಡ್ರೀ, ಕೇಳ್ತೈತಾ ನೋಡ್ತೀನಿ!"

ಶಿಷ್ಯರೆಲ್ಲ ನಾಚಿಕೊಂಡು ಒಬ್ಬರನ್ನೊಬ್ಬರು ದಬ್ಬಿದರು. ಆಗ ಅಪ್ಪ ಎದ್ದರು. ಆ ಕಡೆ ಈ ಕಡೆ ನೋಡಿ, ನ್ಯಾಮತಿಯ ಸೋದರತ್ತೆ ತೊಟ್ಟಿಲಿಗೆ ಬಗ್ಗಿದ ಹಾಗೆಯೇ ಮೈಕಿಗೆ ಬಗ್ಗಿದರು. ನನ್ನ ಕಿವಿ ತುತ್ತೂರಿಯ ಬಾಯಲ್ಲೇ ಇತ್ತು.

"ನನ್ ಮಗ ಕಚೇರಿ ಕೆಲಸ ಬಿಟ್ಟಾಗ ಬೈದಿದ್ದೆ. ತಪ್ಪಾತು. ಅವನು ಒಳ್ಳೇ ಕೆಲಸಗಾರ. ನನ್ ದನಿ ಹೋಗೋ ಹೊತ್ತಿಗೆ ಸರಿಯಾಗಿ ಇನ್ನೊಂದು ದನಿ ತಂದಾನೆ."

ನಾನು ಕೊಂಬೆ ತಬ್ಬಿಕೊಂಡು ಅತ್ತೆ. ಇಳಿದು ಬರುವಾಗ ಪಂಚೆ ಹರಿಯಿತು, ಅದೂ ತಿಳಿಯಲಿಲ್ಲ. ಕಡಲೆಪುರಿ ಮಾರುವವಳು, ಚಾಪೆ ಹಿಡಿದು ಜಾಗ ಹಿಡಿಯಾಕೆ ಬಂದವರು, ಜಟಕಾದವರು ಎಲ್ಲರೂ ನನ್ನ ಮುಖ ನೋಡಿ ನಗುತ್ತಿದ್ದರು. ಅಪ್ಪ ಮೈಕಿನ ಮುಂದೆಯೇ ನಿಂತಿದ್ದರು.

"ಏನಂದ್ರಿ ಅಪ್ಪ?" ಅಂದೆ.

"ನಾನೇನಂದೆ? ಏನೂ ಅಂದಿಲ್ಲ."

"ಇಡೀ ಜಗಳೂರೇ ಕೇಳೈತಲ್ರಿ."

ಅಪ್ಪನಿಗೆ ಸಿಟ್ಟು ಬಂತು. "ನಿನ್ ಎದುರಿಗೆ ಅಂದ್ನೇನೋ? ನೀನು ಮರದ ಮ್ಯಾಲಿದ್ದೆ. ನಾನು ಹೇಳಿದ್ದು ಇದರ ಕಿವೀಲಿ. ಈ ಚಾಡಿಕೋರ ಹೋಗಿ ಊರಿಗೆ ಹೇಳಿದ್ರೆ ನಾನೇನ್ ಮಾಡ್ಲಿ?"

ಚಾಡಿಕೋರ ಈ ಮಾತನ್ನೂ ನಾಲ್ಕು ತುತ್ತೂರಿಯಲ್ಲಿ ಊರಿಗೆ ಹೇಳಿತು.