ಬಂಗುಡೆ ಕ್ವೀನ್ ಕಳಿಸಿದ ನಾಣ್ಯಗಳು

ಈ ಬಹರೈನ್ ದ್ವೀಪದಲ್ಲಿ ನನ್ನ ಸೋದರಮಾವನಷ್ಟು ಸಲ ಜೂಜಿನ ಯಂತ್ರ ತಿರುಗಿಸಿದ ಮನುಷ್ಯ ಇನ್ನೊಬ್ಬ ಇರಲಾರ. ಅವರಷ್ಟು ಪುಕ್ಕಲ ಮನುಷ್ಯನೂ ಇನ್ನೊಬ್ಬ ಇರಲಾರ! ಜೂಜು ಎಂದ ಕೂಡಲೇ ಹುಬ್ಬೇರಿಸಬೇಡಿ. ಇಲ್ಲಿ ದುಡ್ಡಿಟ್ಟು ಆಡಿದರೆ ಮೊದಲು ಪೊಲೀಸು, ಆಮೇಲೆ ಊರಿಗೆ ವಿಮಾನ ಎಂಬುದು ಮಾವನಿಗೆ ನನಗಿಂತ ಚೆನ್ನಾಗಿ ಗೊತ್ತು. ಅವರು ಆಡುವುದು ಫೋನಿನಲ್ಲಿ, ಪುಕ್ಕಟೆ ಸಿಗುವ ಸುಳ್ಳು ನಾಣ್ಯಗಳಲ್ಲಿ. ಒಂದು ಫಿಲ್ಸ್, ಅಂದರೆ ಇಲ್ಲಿನ ಪೈಸೆ, ಹೋಗಿದ್ದೂ ಇಲ್ಲ, ಬಂದಿದ್ದೂ ಇಲ್ಲ. ಆದರೂ ಆ ಆಟದಿಂದ ನಮ್ಮ ಕುಟುಂಬಕ್ಕೆ ಪ್ರೇತದ ಕಾಟ ಶುರುವಾಯಿತು ಎಂದರೆ ನಂಬುತ್ತೀರಾ?

ಮಾವ ಸಿತ್ರಾದ ಒಂದು ಪ್ಲಾಂಟಿನಲ್ಲಿ ಪ್ಯಾನೆಲ್ ಆಪರೇಟರ್. ಇಪ್ಪತ್ತಾರು ವರ್ಷಗಳಿಂದ ಒಂದೇ ಕೋಣೆ, ಅವೇ ಪರದೆಗಳು. ಪರದೆಯ ಮೇಲೆ ಓಡುವ ಗೆರೆಗಳು ಮೇಲಕ್ಕೆ ಹಾರದ ಹಾಗೆ, ಕೆಳಕ್ಕೆ ಬೀಳದ ಹಾಗೆ ನೋಡಿಕೊಳ್ಳುವುದು ಕೆಲಸ. ಗೆರೆ ನೆಟ್ಟಗಿದ್ದರೆ ಲಾಗ್‌ಬುಕ್ಕಿನಲ್ಲಿ 'ನಾರ್ಮಲ್' ಎಂದು ಬರೆಯಬೇಕು. ಈ ಕೆಲಸ ಮಾಡಿ ಮಾಡಿ ಮನುಷ್ಯನೇ ನೆಟ್ಟಗಿನ ಗೆರೆಯಾಗಿಬಿಟ್ಟಿದ್ದರು. ಮನೆಯಲ್ಲಿ ಎಸಿ ಸದಾ ಇಪ್ಪತ್ತನಾಲ್ಕು. ನಾನು ಮೈಸೂರಿನ ಹುಡುಗನನ್ನು ಪ್ರೀತಿಸಿ ಮದುವೆಯಾಗುತ್ತೇನೆಂದಾಗ ಊರಿನಲ್ಲಿ ಅಮ್ಮ ಎರಡು ದಿನ ಉಪವಾಸ ಬಿದ್ದರು. ಮಾವನಿಗೆ ಫೋನ್ ಮಾಡಿ ಹೇಳಿದರೆ, "ಹೌದಾ? ಊಟ ಆಯ್ತಾ?" ಎಂದರು. ಅವರ ಮಟ್ಟಿಗೆ ಅದು ದೊಡ್ಡ ಆಶೀರ್ವಾದ!

ಮಾವನ ಹೆಂಡತಿ, ನನ್ನ ಅತ್ತೆ, ಇದಕ್ಕೆ ಪೂರ್ತಿ ಉಲ್ಟಾ. ಅತ್ತೆ ನಕ್ಕರೆ ಮುಹರ್ರಕ್ಕಿನ ಮೀನು ಮಾರ್ಕೆಟ್ಟು ತಿರುಗಿ ನೋಡುತ್ತಿತ್ತು. ಸಿಟ್ಟು ಬಂದರೆ ಲೋಟ ಹಾರುತ್ತಿತ್ತು, ಅರ್ಧ ಗಂಟೆಯಲ್ಲಿ ಅದೇ ಲೋಟದಲ್ಲಿ ಚಾ ಬರುತ್ತಿತ್ತು. ಫೋನಿನಲ್ಲಿ ಈ ಯಂತ್ರದ ಆಟ ಹಿಡಿದವರೂ ಅವರೇ. ಆಟದಲ್ಲಿ ಅವರ ಹೆಸರು 'ಬಂಗುಡೆ ಕ್ವೀನ್'. ಮಾವನ ಕಂಪನಿ ಬಸ್ಸು ಬೆಳಿಗ್ಗೆ ಐದು ನಲವತ್ತಕ್ಕೆ ಮನೆಯ ಮೂಲೆಗೆ ಬರುತ್ತಿತ್ತು. ಅದು ತಿರುವಿನಲ್ಲಿ ಮರೆಯಾದ ಕೂಡಲೇ ಅತ್ತೆ ಕಿಟಕಿ ಬಿಟ್ಟು ಕುಳಿತು ನೆಂಟರಿಷ್ಟರಿಗೆಲ್ಲ ಸುಳ್ಳು ನಾಣ್ಯದ ಉಡುಗೊರೆ ಕಳಿಸುತ್ತಿದ್ದರು. ಅದಕ್ಕಾಗಿ ನಮ್ಮೆಲ್ಲರ ಫೋನಿಗೆ ಆ ಆಟವನ್ನು ತಾವೇ ಹಾಕಿಕೊಟ್ಟಿದ್ದರು. ಬೇಡ ಎನ್ನುವ ಧೈರ್ಯ ಯಾರಿಗಿತ್ತು?

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅತ್ತೆ ಅಡುಗೆಮನೆಯಲ್ಲಿ ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಮಾವ ಅವರನ್ನು ಸುರತ್ಕಲ್ಲಿಗೆ ಒಯ್ದು, ಉತ್ತರಕ್ರಿಯೆ ಮುಗಿಸಿ, ಒಂದು ಹನಿ ಕಣ್ಣೀರನ್ನೂ ಯಾರಿಗೂ ತೋರಿಸದೆ ಡ್ಯೂಟಿಗೆ ಮರಳಿದರು.

ಅವರು ಮರಳಿದ ಮರುದಿನ. ಬುಸೈತೀನಿನ ನಮ್ಮ ಫ್ಲಾಟಿನಲ್ಲಿ ಎಸಿಯ ಗೊರಗೊರ ಬಿಟ್ಟರೆ ಬೇರೆ ಸದ್ದಿಲ್ಲ. ದಿಂಬಿನ ಪಕ್ಕದ ಫೋನು 'ಟಿಣ್' ಎಂದಿತು. ಗಂಟೆ ನೋಡಿದೆ, ಐದು ನಲವತ್ತು. ಪರದೆಯ ಮೇಲೆ ಮಿನುಗುವ ಅಕ್ಷರ: 'ಬಂಗುಡೆ ಕ್ವೀನ್ ನಿಮಗೆ ಐನೂರು ನಾಣ್ಯ ಕಳಿಸಿದ್ದಾರೆ! ಬೇಗ ಬನ್ನಿ, ಅವರು ನಿಮಗಾಗಿ ಕಾಯುತ್ತಿದ್ದಾರೆ!'

ಎಲ್ಲಿಗೆ ಬರುವುದು?! ಗಂಡನನ್ನು ಅಲ್ಲಾಡಿಸಿ ಎಬ್ಬಿಸಿದೆ. ಐಟಿ ಮನುಷ್ಯ, ಕಣ್ಣು ಬಿಡದೆಯೇ ಹೇಳಿದ, "ಸರ್ವರ್ ಇಶ್ಯೂ ಕಣೇ. ಹಳೇದೇನೋ ಈಗ ಬಂದಿದೆ, ಮಲ್ಕೋ."

ಮರುದಿನ ಮತ್ತೆ ಐದು ನಲವತ್ತು, ಮತ್ತೆ ಟಿಣ್. ಅದರ ಮರುದಿನವೂ. ಆಟದ ಗೆಳೆಯರ ಪಟ್ಟಿ ತೆರೆದು ನೋಡಿದರೆ ಬಂಗುಡೆ ಕ್ವೀನ್ ಹೆಸರಿನ ಪಕ್ಕದಲ್ಲಿ ಹಸಿರು ಚುಕ್ಕೆ ಉರಿಯುತ್ತಿತ್ತು. ಅಂದರೆ ಆಕೆ ಈಗ ಆಡುತ್ತಿದ್ದಾರೆ! ನಾಲ್ಕನೇ ದಿನದಿಂದ ಸರ್ವರ್ ಇಶ್ಯೂ ಎಂದ ಮಹಾಶಯ ಹಾಲ್‌ನ ದೀಪ ಆರಿಸದೆ ಮಲಗತೊಡಗಿದ.

ಊರಿಗೆ ಫೋನ್ ಮಾಡಿದರೆ ಅಮ್ಮನದು ಪಿಸುಮಾತು. "ನಿಂಗೂ ಬರ್ತದಾ? ನಂಗೆ ದಿನಾ ಎಂಟೂ ಹತ್ತಕ್ಕೆ ಬರ್ತದೆ ಮಾರಾಯ್ತಿ." ನಮ್ಮ ಐದು ನಲವತ್ತೆಂದರೆ ಅಲ್ಲಿ ಎಂಟೂ ಹತ್ತು. ಎಲ್ಲರಿಗೂ ಬರುತ್ತಿತ್ತು. ಮುಂಬಯಿಯ ತಮ್ಮನಿಗೂ, ಹೆದರಿ ಆಟವನ್ನೇ ಅಳಿಸಿ ಮತ್ತೆ ಹಾಕಿಕೊಂಡ ಅವನ ಹೆಂಡತಿಗೂ. ಮಾವನನ್ನೇ ಕೇಳಿಬಿಟ್ಟೆ, "ಮಾವ, ನಿಮಗೂ ಅತ್ತೆಯಿಂದ ಏನಾದರೂ ಬರ್ತದಾ?"

"ನಂಗಾ? ಇಲ್ಲ. ನಂಗೆ ಎಂತದೂ ಬರ್ಲಿಲ್ಲ," ಎಂದರು, ಅದೇ ಇಪ್ಪತ್ತನಾಲ್ಕು ಡಿಗ್ರಿಯ ದನಿಯಲ್ಲಿ.

ಇದು ಎಲ್ಲಕ್ಕಿಂತ ಭಯಾನಕವಾಗಿತ್ತು. ಊರಿಗೆಲ್ಲ ಕಳಿಸುವ ಪ್ರೇತ ಸ್ವಂತ ಗಂಡನನ್ನು ಮಾತ್ರ ಬಿಟ್ಟಿದೆ! ಅಮ್ಮ ತೀರ್ಪು ಕೊಟ್ಟೇಬಿಟ್ಟರು. "ಅತ್ತಿಗೆಗೆ ಅಣ್ಣನ ಮೇಲೆ ಸಿಟ್ಟು ಉಂಟು. ಎಂತದೋ ಆಸೆ ಉಳಿದಿದೆ. ನೀನೊಂದು ಬಂಗುಡೆ ಹುರಿದು ಇಡು, ನೋಡುವ." ಮೂವತ್ತೆರಡು ವರ್ಷದ ವಿದ್ಯಾವಂತೆ ನಾನು, ಡೆಂಟಲ್ ಕ್ಲಿನಿಕ್ಕಿನ ರಿಸೆಪ್ಷನಿಸ್ಟು, ಎರಡು ಬಂಗುಡೆಗೆ ಮಸಾಲೆ ಹಚ್ಚಿ ಹುರಿದು, ಎಲೆಯಿಲ್ಲವೆಂದು ಪೇಪರ್ ಪ್ಲೇಟಿನಲ್ಲಿಟ್ಟು ಬಾಲ್ಕನಿಯಲ್ಲಿ ಕೈಮುಗಿದೆ. ಬೆಳಿಗ್ಗೆ ಪ್ಲೇಟು ನೆಕ್ಕಿದಷ್ಟು ಶುಭ್ರ. ಪಕ್ಕದ ವಿಲ್ಲಾದ ಬೆಕ್ಕೆಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಫೋನು ಟಿಣ್ ಎಂದಿತು. 'ಬಂಗುಡೆ ಕ್ವೀನ್ ನಿಮಗೆ ಸಾವಿರ ನಾಣ್ಯ ಕಳಿಸಿದ್ದಾರೆ!' ಡಬಲ್! ಮೀನು ಇಷ್ಟವಾಗಿದೆ! ಆ ದಿನ ಕ್ಲಿನಿಕ್ಕಿನಲ್ಲಿ ಹಲ್ಲು ಕೀಳಿಸಲು ಬಂದವರಿಗಿಂತ ಹೆಚ್ಚು ನಾನೇ ನಡುಗುತ್ತಿದ್ದೆ.

ಮುಂದಿನ ಶುಕ್ರವಾರ ಸಹಿಸಲಾಗದೆ, ಐದೂಕಾಲಕ್ಕೇ ಗಂಡನನ್ನು ಎಳೆದುಕೊಂಡು ಮಾವನ ಮನೆಗೆ ಹೊರಟೆ. ಮುಹರ್ರಕ್ಕಿನ ಹಳೆಯ ಗಲ್ಲಿ. ಮಸೀದಿಯಿಂದ ಮರಳುವ ನಾಲ್ಕಾರು ಮಂದಿ ಬಿಟ್ಟರೆ ಜನವಿಲ್ಲ. "ಕಾರಿಗೆ ಪಾರ್ಕಿಂಗ್ ಇಲ್ಲ, ನಾನಿಲ್ಲೇ ಇರ್ತೀನಿ, ನೀನು ಹೋಗಿ ಬಾ," ಎಂದ ನನ್ನ ವೀರ. ಸುತ್ತ ಹತ್ತು ಕಾರು ನಿಲ್ಲುವಷ್ಟು ಜಾಗವಿತ್ತು!

ಬಾಗಿಲು ಬಡಿದೆ. ಉತ್ತರವಿಲ್ಲ. ನನ್ನ ಬಳಿಯಿದ್ದ ಕೀಲಿಯಿಂದ ತೆರೆದೆ. ಕತ್ತಲೆ. ಎಸಿ ಇಪ್ಪತ್ತನಾಲ್ಕರಲ್ಲಿ. ಒಳಗಿನಿಂದ ಚಿಲಿಚಿಲಿ ಎಂದು ಚಿಲ್ಲರೆ ಸುರಿಯುವ ಸದ್ದು. ನಿಲ್ಲುತ್ತದೆ, ಮತ್ತೆ ಸುರಿಯುತ್ತದೆ. ಗೋಡೆ ಹಿಡಿದು ಅಡುಗೆಮನೆಗೆ ಇಣುಕಿದೆ. ಯಾರೂ ಇಲ್ಲ. ಮೇಜಿನ ಮೇಲೆ ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಅತ್ತೆಯ ಫೋನು, ಅತ್ತೆಯ ಕೆಂಪು ಕವರಿನಲ್ಲಿ. ಪರದೆಯಲ್ಲಿ ಚೆರಿ, ನಿಂಬೆ, ಕಲ್ಲಂಗಡಿಗಳ ಚಕ್ರಗಳು ತಾವಾಗಿಯೇ ತಿರುಗುತ್ತಿವೆ, ನಿಲ್ಲುತ್ತಿವೆ, ತಿರುಗುತ್ತಿವೆ. ಅದರ ಮುಂದೆ ಎರಡು ಲೋಟ ಚಾ. ಎರಡರಲ್ಲೂ ಹಬೆ.

ನಾನು ನಿಧಾನವಾಗಿ ಕೈ ಚಾಚಿದೆ.

"ಮುಟ್ಬೇಡ!"

ನಾನು ಕಿರುಚಿದ್ದು ಕೆಳಗೆ ಕಾರಿನಲ್ಲಿದ್ದವನಿಗೂ ಕೇಳಿಸಿತಂತೆ. ಆದರೂ ಮೇಲೆ ಬರಲಿಲ್ಲ, ಅದು ಬೇರೆ ವಿಚಾರ. ತಿರುಗಿ ನೋಡಿದರೆ ಬಾಗಿಲಲ್ಲಿ ಮಾವ, ಕಂಕುಳಲ್ಲಿ ಬೇಕರಿಯ ಬಿಸಿ ಖುಬ್ಸ್ ರೊಟ್ಟಿ. "ಆಟೋದಲ್ಲಿ ಹಾಕಿದ್ದೇನೆ, ತೊಂಬತ್ತೊಂದನೇ ಸುತ್ತು ನಡೀತಾ ಉಂಟು. ನೂರು ಆಗ್ಲಿ, ಮತ್ತೆ ಮಾತಾಡುವ," ಎಂದು ಮೇಜಿನ ಮೇಲಿದ್ದ ನೋಟ್‌ಬುಕ್ಕಿನಲ್ಲಿ ಏನೋ ಬರೆದರು. ಇಣುಕಿದೆ. ಐದು ಗಂಟೆ: ನಾರ್ಮಲ್. ಐದು ಹತ್ತು: ನಾರ್ಮಲ್. ಐದು ಇಪ್ಪತ್ತು: ನಾರ್ಮಲ್. ಪುಟ ತಿರುವಿದರೆ ಊರಿನಿಂದ ಮರಳಿದ ಮರುದಿನದಿಂದ ಅದೇ!

ಪ್ರೇತ ಸಿಕ್ಕಿಬಿದ್ದಿತ್ತು. ವಾಟ್ಸಾಪಿನಲ್ಲಿ ಒಂದು ಫೋಟೋ ಮುಂದಕ್ಕೆ ಕಳಿಸಲು ಬಾರದ ಮನುಷ್ಯನ ಮೇಲೆ ಯಾರಿಗೆ ತಾನೆ ಅನುಮಾನ ಬಂದೀತು?

"ಸಾವಿರ ನಾಣ್ಯ?" ಎಂದೆ.

"ವೀಕೆಂಡ್ ಡಬಲ್ ಬೋನಸ್," ಎಂದರು. ನನ್ನ ಬಂಗುಡೆ ಬೆಕ್ಕಿಗೇ ಹೋಗಿತ್ತು.

ಆಮೇಲೆ ಚಾ ಕುಡಿಯುತ್ತ ಪ್ಲಾಂಟಿನ ಹೊಸಬರಿಗೆ ಪಾಠ ಹೇಳುವವರ ಹಾಗೆ ವಿವರಿಸಿದರು. ದಿನಕ್ಕೆ ನೂರು ಸುತ್ತು ತಿರುಗಿಸಿದರೆ ಮಾತ್ರ ಉಡುಗೊರೆ ಕಳಿಸುವ ಬಟನ್ ತೆರೆಯುತ್ತದೆ. ಡ್ಯೂಟಿಯ ದಿನ ಅದನ್ನು ಒತ್ತುವುದು ಕಂಪನಿ ಬಸ್ಸು ಹತ್ತಿದ ಮೇಲೆ. ಪ್ರತಿ ಸುತ್ತಿಗೂ ನಾಣ್ಯ ಬೇಕು. ನಾಣ್ಯ ಸೊನ್ನೆಯಾದರೆ ಆ ಹೆಸರು ಅಲ್ಲಿಗೆ ಮುಗಿಯಿತು, ಹೊಸ ಹೆಸರಿನಲ್ಲಿ ಹೊಸದಾಗಿ ಶುರು ಮಾಡಬೇಕು. ಅತ್ತೆ ಆಡುತ್ತಿದ್ದದ್ದು ಡ್ರ್ಯಾಗನ್ ಯಂತ್ರ. ಅದರಲ್ಲಿ ಏರಿಳಿತ ಜಾಸ್ತಿ. ಐವತ್ತು ಸಲ ತಿರುಗಿಸಿದರೂ ಏನೂ ಬಾರದು, ಬಂದರೆ ಒಮ್ಮೆಗೇ ರಾಶಿ. ಮೊದಲ ದಿನ ಮಾವ ಗೊತ್ತಿಲ್ಲದೆ ಅದನ್ನೇ ಒತ್ತಿದ್ದರು. "ನಲವತ್ತು ಸುತ್ತು, ಒಂದು ಕಾಸು ಬರ್ಲಿಲ್ಲ ಮಾರಾಯ್ತಿ. ನಿನ್ನತ್ತೆ ಕೂಡಿಸಿಟ್ಟದ್ದು ಕಣ್ಣೆದುರೇ ಅರ್ಧಕ್ಕಿಂತ ಕೆಳಗೆ ಬಂತು. ನಂಗೆ ಕೈ ನಡುಗ್ಲಿಕ್ಕೆ ಶುರುವಾಯ್ತು. ಪ್ಲಾಂಟಲ್ಲಿ ಬೆಂಕಿ ಬಿದ್ದಾಗ ಸಹ ನಂಗೆ ಹಾಗೆ ಆಗ್ಲಿಲ್ಲ."

ಆಗ ಅವರು ಆಟದ ಸಹಾಯಪುಟಗಳನ್ನು ಪ್ಲಾಂಟಿನ ಮ್ಯಾನ್ಯುವಲ್ಲಿನಂತೆ ಅಡಿಗೆರೆ ಎಳೆದು ಓದಿ ಈ ಹಣ್ಣಿನ ಯಂತ್ರ ಕಂಡುಹಿಡಿದರು. ಏರಿಳಿತ ಕಡಿಮೆ. ಮೂರು ನಾಲ್ಕು ಸುತ್ತಿಗೊಮ್ಮೆ ಏನಾದರೂ ಬಂದೇ ಬರುತ್ತದೆ, ಆದರೆ ಚಿಕ್ಕದು.

"ಹತ್ತು ಹಾಕಿದ್ದಕ್ಕೆ ಆರು ಬಂದಿದೆ ಮಾವ! ಅದಕ್ಕೇ 'ಗೆದ್ದಿರಿ' ಅಂತ ಪಟಾಕಿ ಹೊಡೀತಾ ಇದೆಯಲ್ಲ!"

"ಅದೇ ಅದರ ಕುತಂತ್ರ. ಗೆದ್ದ ಹಾಗೆ ಕಾಣ್ತದೆ, ನಾಲ್ಕು ಹೋಗಿರ್ತದೆ. ಯಂತ್ರ ಯಾವುದಾದ್ರೂ ಕೊನೆಗೆ ಗೆಲುವು ಮೆಷಿನಿನವರದ್ದೇ. ಡ್ರ್ಯಾಗನ್ ಗಬಕ್ ಅಂತ ನುಂಗ್ತದೆ, ಇದು ಮೆಲ್ಲ ಮೆಲ್ಲ ತಿನ್ತದೆ. ಅಷ್ಟೇ ವ್ಯತ್ಯಾಸ."

"ಹಾಗಾದರೆ ಇದು ಯಾರಿಗಪ್ಪಾ ಸರಿ?"

"ಗೆಲ್ಲಬೇಕು ಅನ್ನುವವರಿಗೆ ಅಲ್ಲ. ಕೈಯಲ್ಲಿ ಇದ್ದದ್ದು ಸ್ವಲ್ಪ, ಆದ್ರೆ ತುಂಬಾ ಹೊತ್ತು ಕೂರ್ಬೇಕು ಅಂತ ಇರ್ತದಲ್ಲ, ಅಂಥವರಿಗೆ."

"ಒಂದು ದಿನ ಇದೂ ಮುಗೀತದಲ್ಲ ಮಾವ?"

"ಮುಗೀತದೆ. ಇವತ್ತಲ್ಲ," ಎಂದು ಸಮಯ ನೋಡಿದರು. ಐದು ನಲವತ್ತು. ಒಬ್ಬೊಬ್ಬರ ಹೆಸರನ್ನೂ ಒತ್ತಿದರು. ನನ್ನ ಪರ್ಸಿನಲ್ಲಿ ಫೋನು ಟಿಣ್ ಎಂದಿತು. ಎಲ್ಲ ಗೊತ್ತಿದ್ದೂ ಮೈ ಜುಂ ಎಂದದ್ದು ಸುಳ್ಳಲ್ಲ.

ಈ ಗುಟ್ಟನ್ನು ನಾನು ಯಾರಿಗೂ ಹೇಳಲಿಲ್ಲ. ಅವತ್ತಿನಿಂದ ನಾನೂ ಬಂಗುಡೆ ಕ್ವೀನಿಗೆ ದಿನಾ ನಾಣ್ಯ ಕಳಿಸತೊಡಗಿದೆ, ಅಮ್ಮನೂ ಕಳಿಸುವಂತೆ ಮಾಡಿದೆ. "ಅತ್ತಿಗೆಗೆ ಅಲ್ಲಿ ಎಂತ ಖರ್ಚೋ ಪಾಪ," ಎನ್ನುತ್ತ ಅಮ್ಮ ಈಗಲೂ ಎಂಟೂ ಹತ್ತಕ್ಕೆ ಫೋನಿಗೆ ಕೈಮುಗಿಯುತ್ತಾರೆ.

ಹೀಗೆ ಎರಡು ವರ್ಷ ನಡೆಯಿತು. ಹೋದ ತಿಂಗಳು ಮಾವನಿಗೆ ಎದೆನೋವು. ಬೈಪಾಸ್ ಆಗಲೇಬೇಕು, ನಾಲ್ಕೈದು ದಿನ ಐಸಿಯು, ಅಲ್ಲಿ ಫೋನು ಕೊಡುವುದಿಲ್ಲ ಎಂದರು ಡಾಕ್ಟರು. ಎದೆ ಸೀಳುವ ವಿಷಯಕ್ಕೆ ಮಾವ "ಆಯ್ತು" ಎಂದರು. ಫೋನು ಕೊಡುವುದಿಲ್ಲ ಎಂದಾಗ ಮಾತ್ರ ಮುಖ ಬಿಳಿಚಿತು.

ಅವರ ಪ್ಲಾಂಟಿನಲ್ಲೊಂದು ಕಟ್ಟುನಿಟ್ಟಿನ ಪದ್ಧತಿಯಿದೆ. ಮುಂದಿನ ಶಿಫ್ಟಿನವನು ಬಂದು ಎದುರು ನಿಂತು, ಲಾಗ್‌ಬುಕ್ ಓದಿ, "ತಗೊಂಡೆ" ಎಂದು ಬಾಯಿಬಿಟ್ಟು ಹೇಳುವವರೆಗೆ ಪ್ಯಾನೆಲಿನವನು ಕುರ್ಚಿ ಬಿಟ್ಟು ಏಳುವಂತಿಲ್ಲ. ಆಪರೇಷನ್ನಿನ ಹಿಂದಿನ ಸಂಜೆ, ಹಸಿರು ಗೌನು ತೊಟ್ಟ ಮಾವ ಮಂಚದ ಮೇಲೆ ಕುಳಿತು ಅತ್ತೆಯ ಫೋನು ಮತ್ತು ನೋಟ್‌ಬುಕ್ಕನ್ನು ನನ್ನ ಮುಂದಿಟ್ಟರು.

"ಡ್ರ್ಯಾಗನ್ ಮುಟ್ಲಿಕ್ಕಿಲ್ಲ."

"ಇಲ್ಲ ಮಾವ."

"ಒಂದು ದಿನ ಸಹ ತಪ್ಪಿಸ್ಲಿಕ್ಕಿಲ್ಲ. ಎಲ್ಲ ನಾರ್ಮಲ್ ಉಂಟು. ತಗೊಂಡ್ಯಾ?"

"ಹೂಂ ಮಾವ."

"ಹೂಂ ಅಲ್ಲ. ತಗೊಂಡೆ ಹೇಳು."

"ತಗೊಂಡೆ," ಎಂದೆ. ಆಮೇಲೆಯೇ ಅವರು ದಿಂಬಿಗೆ ಒರಗಿದ್ದು.

ಮರುದಿನ ಬೆಳಿಗ್ಗೆ ನಾನೇ ಪ್ರೇತ! ಐದಕ್ಕೆ ಎದ್ದು ನೂರು ಸುತ್ತು ತಿರುಗಿಸಿ, ಗೆಳೆಯರ ಪಟ್ಟಿ ತೆರೆದೆ. ನನ್ನ ಹೆಸರು, ಅಮ್ಮನದು, ತಮ್ಮನದು. ಎಲ್ಲಕ್ಕಿಂತ ಕೆಳಗೆ ಒಂದು ಹೆಸರು: 'ಬಂಗುಡೆ ಕ್ವೀನ್ ಗಂಡ'. ಮಾವನ ಫೋನಿಗೂ ಅತ್ತೆ ಆಟ ಹಾಕಿಕೊಟ್ಟು ಇಟ್ಟ ಹೆಸರು. ಅದರ ಪಕ್ಕದಲ್ಲಿ ಸಣ್ಣಕ್ಷರ: 'ನೀವು ಇವರಿಗೆ ಉಡುಗೊರೆ ಕಳಿಸಿ ಎರಡು ವರ್ಷವಾಯಿತು.' ನಂಗೆ ಎಂತದೂ ಬರ್ಲಿಲ್ಲ ಎಂದಿದ್ದರಲ್ಲ, ಮಾವ ಅವತ್ತು ಸುಳ್ಳು ಹೇಳಿರಲಿಲ್ಲ. ಅತ್ತೆ ಇನ್ನೂ ಇದ್ದಾರೆ ಎಂದು ಎಲ್ಲರಿಗೂ ಅನ್ನಿಸುವಂತೆ ಮಾಡಿದ ಮನುಷ್ಯ ತನಗೆ ಮಾತ್ರ ಒಂದು ದಿನವೂ ಆ ಮೋಸ ಮಾಡಿಕೊಂಡಿರಲಿಲ್ಲ. ಆ ಹೆಸರಿನ ಮುಂದೆ ಕುಳಿತು ನಾನು ಚೆನ್ನಾಗಿ ಅತ್ತುಬಿಟ್ಟೆ.

ಐದನೇ ದಿನ ಅವರನ್ನು ವಾರ್ಡಿಗೆ ತಂದರು. ಸಂಜೆ ಅವರ ಫೋನನ್ನು ದಿಂಬಿನ ಪಕ್ಕ ಇಟ್ಟು ಬಂದೆ. ಮರುದಿನ ಬೆಳಿಗ್ಗೆ ಐದು ನಲವತ್ತಕ್ಕೆ ಎಲ್ಲರ ಹೆಸರನ್ನೂ ಒತ್ತಿ, ಕೊನೆಗೆ ಕೆಳಗಿನ ಆ ಹೆಸರನ್ನೂ ಒತ್ತಿದೆ.

ಎರಡು ನಿಮಿಷದಲ್ಲಿ ಮಾವನ ಫೋನಿನಿಂದ ಕರೆ ಬಂತು. ಹಿಂದಿನಿಂದ ಯಾವುದೋ ಯಂತ್ರ ಪೀಂ ಪೀಂ ಎಂದು ಬಡಿದುಕೊಳ್ಳುತ್ತಿತ್ತು. ಯಾರೋ ಓಡಿ ಬಂದ ಸದ್ದು. ಮಾನಿಟರಿನಲ್ಲಿ ಮಾವನ ಎದೆಬಡಿತದ ಗೆರೆ ಒಮ್ಮೆಲೇ ಮೇಲಕ್ಕೆ ಹಾರಿತ್ತು. ನರ್ಸು ಗಾಬರಿಯಿಂದ, "ಅಂಕಲ್, ಕ್ಯಾ ಹುವಾ? ಕಿಸ್ಕಾ ಫೋನ್ ಹೈ?" ಎಂದು ಯಾರ ಫೋನೆಂಬುದನ್ನು ಹಿಂದಿಯಲ್ಲಿ ಕೇಳುತ್ತಿದ್ದಳು.

ನಾನು ಹುಟ್ಟಿದಂದಿನಿಂದ ಒಮ್ಮೆಯೂ ಏರಿಳಿಯದ ಆ ದನಿ ಚಿಕ್ಕ ಹುಡುಗನ ಹಾಗೆ ಒಡೆದುಹೋಯಿತು.

"ಬೀವಿ ಕಾ... ನನ್ನ ಹೆಂಡ್ತಿದು," ಎಂದರು ಮಾವ.