ನೈಟ್ರೋಜನ್ ಪಾತ್ರೆ ಹುಡುಕಿ ಹೊರಟಿದ್ದು

ನಾನು ಏನು ಕೊಳ್ಳೋಕೆ ಹೋದ್ರೂ ಅಂಗಡಿಯವರು ನನ್ನನ್ನ ಒಂಥರಾ ನೋಡ್ತಾರೆ. ತಪ್ಪು ಅವರದ್ದಲ್ಲ ಬಿಡಿ. ಕತ್ರಿಗುಪ್ಪೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಕೊಂಡಿರೋ ನನಗೆ ಒಂದು ಚಟ: ಗ್ರಾಫಿಕ್ಸ್ ಕಾರ್ಡನ್ನ ಅದರ ಶಕ್ತಿಗೆ ಮೀರಿ ಓಡಿಸೋದು. ಹಾಗೆ ಓಡಿಸಿದ್ರೆ ಅದು ಸುಟ್ಟೇ ಹೋಗೋಷ್ಟು ಕಾಯುತ್ತೆ. ಅದಕ್ಕೆ ಕಾರ್ಡಿನ ಮೇಲೆ ತಾಮ್ರದ ಪಾತ್ರೆ ಕೂರಿಸಿ, ಒಳಗೆ ಮಂಜುಗಡ್ಡೆಗಿಂತ ಎಷ್ಟೋ ತಣ್ಣಗಿರೋ ಲಿಕ್ವಿಡ್ ನೈಟ್ರೋಜನ್ ಸುರೀತಾ ಇರಬೇಕು. ಯಾರದ್ದೋ ಹಳೇ ಪಾತ್ರೆ ಇಸ್ಕೊಂಡು ಹೋಗಿ ಯಾರ ಕಾರ್ಡ್ ಹೆಚ್ಚು ಜೋರಾಗಿ ಓಡುತ್ತೆ ಅಂತ ಜೆ.ಪಿ. ನಗರದಲ್ಲಿ ನಡೆಯೋ ಸ್ಪರ್ಧೆಯಲ್ಲಿ ಮೂರು ಸಲ ಸೋತಿದ್ದೆ. ಈ ಸಲ ಸ್ವಂತ ಪಾತ್ರೆ ಅಂತ ಹೊರಟಾಗ, ಮನೇಲೇ ಟೈಲರಿಂಗ್ ಮಾಡೋ ನನ್ನ ಹೆಂಡತಿ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಲು: "ಗೆದ್ರೆ ಹಿಂದಿನ ರೂಮ್ ನಿಮ್ದು. ಸೋತ್ರೆ ನಿಮ್ಮ ಗುಜರಿ ಆಚೆ, ನನ್ನ ಮೆಷಿನ್ ಒಳಗೆ."

ಪಾತ್ರೆ ಅಂಗಡಿ

ಹೊರದೇಶದಿಂದ ತರಿಸಿದ್ರೆ ಸ್ಪರ್ಧೆ ಮುಗಿದ ಮೇಲೆ ಬರುತ್ತೆ. ಸರಿ, ಜಯನಗರದ ಪಾತ್ರೆ ಅಂಗಡಿಗೆ ಹೋಗಿ ಒಂದೊಂದೇ ತಾಮ್ರದ ಚೊಂಬು ತಿರುಗಿಸಿ ತಳ ತಟ್ಟಿ ನೋಡ್ತಿದ್ದೆ. ಒಂದರ ತಳವೂ ಹಪ್ಪಳಕ್ಕಿಂತ ದಪ್ಪ ಇಲ್ಲ.

"ಕುಡಿಯೋ ನೀರಿಗಾ ಸಾರ್?" ಅಂದ್ರು ಅಂಗಡಿಯವರು.

"ಅಲ್ಲ, ಮೈನಸ್ ನೂರಾ ತೊಂಬತ್ತಾರು ಡಿಗ್ರಿ ಇರೋದನ್ನ ಸುರೀಬೇಕು."

ಅವರು ಚೊಂಬನ್ನ ನನ್ನ ಕೈಯಿಂದ ಮೆಲ್ಲಗೆ ಇಸ್ಕೊಂಡ್ರು. "ಅಷ್ಟು ತಣ್ಣಗಿರೋದು ಕುಡಿದ್ರೆ ಗಂಟಲು ಕಟ್ಟುತ್ತೆ ಸಾರ್. ಮಡಕೆ ನೀರೇ ಒಳ್ಳೇದು."

ಲೇತ್

ಕೊನೆಗೆ ಬೊಮ್ಮನಹಳ್ಳಿಯಲ್ಲಿ ಗಾರ್ಮೆಂಟ್ಸ್ ಮೆಷಿನ್‌ಗಳಿಗೆ ಪಾರ್ಟ್ ಕಡೆದುಕೊಡೋ ಲೇತ್‌ನವರನ್ನ ಹಿಡಿದೆ. "ತಳ ಎಷ್ಟು ದಪ್ಪ ಸಾರ್?" ಅಂದ್ರು.

ಅದೇ ತಲೆನೋವು! ದಪ್ಪ ತಳ ನಿಧಾನಕ್ಕೆ ತಣ್ಣಗಾಗುತ್ತೆ, ಆದ್ರೆ ಡಿಗ್ರಿ ಅಲುಗಾಡಲ್ಲ. ತೆಳು ತಳ ಬೇಗ ತಣ್ಣಗಾಗುತ್ತೆ, ಆದ್ರೆ ಸುರಿಯೋ ಕೈ ಒಂಚೂರು ಹೆಚ್ಚುಕಮ್ಮಿ ಆದ್ರೂ ಡಿಗ್ರಿ ಕುಣಿಯುತ್ತೆ. "ದಪ್ಪ" ಅಂದೆ. "ಬೇಡ, ತೆಳು" ಅಂದೆ. ಗೇಟಿನವರೆಗೂ ಹೋಗಿ ವಾಪಸ್ ಬಂದು "ದಪ್ಪಾನೇ ಇರ್ಲಿ" ಅಂದೆ. ಭಾರಕ್ಕೆ ಕಾರ್ಡೇ ಬಗ್ಗಿದ್ರೆ ಅಂತ ಹೆದರಿ ಕಡೆಗೆ ತೆಳುವಿಗೇ ಒಪ್ಪಿದೆ.

ವಾರ ಬಿಟ್ಟು ಹೋದ್ರೆ ಪಾತ್ರೆ ಸಖತ್ತಾಗಿ ಬಂದಿದೆ. ಆದ್ರೆ ಪಕ್ಕದಲ್ಲಿ ನಾನು ಹೇಳದೇ ಇದ್ದ ಒಂದು ಹಿಡಿ!

"ಇದ್ಯಾಕೆ ಅಣ್ಣ?"

"ಒಲೆ ಮೇಲಿಂದ ಬರೀಗೈಲಿ ಇಳಿಸ್ತೀರಾ ಸಾರ್?"

ಹುಣಸೆಹಣ್ಣು

ಮನೆ ತಾರಸಿ ಮೇಲೆ ಒಂದು ಸಲ ಪರೀಕ್ಷೆ ಮಾಡಿ ಪಾತ್ರೆ ಒಣಗೋಕೆ ಇಟ್ಟಿದ್ದೆ. ಅಂಗಡಿಯಿಂದ ಬಂದು ನೋಡ್ತೀನಿ, ಇಲ್ಲ! ಕೆಳಗೆ ಓಡಿದೆ. ಅಡುಗೆಮನೇಲಿ ಅಮ್ಮ ಅದನ್ನ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ, ಮುಖ ಕಾಣೋ ಹಾಗೆ ಬೆಳಗಿ, ನೀರು ತುಂಬಿ ಇಟ್ಟಿದ್ರು.

"ಅಮ್ಮಾ, ಅದು ಕಂಪ್ಯೂಟರ್‌ಗೆ ತಂದಿದ್ದು!"

"ಹೌದೇನೋ? ಕೊನೆಗೂ ಮನೆಗೆ ಬೇಕಾದ್ದು ಒಂದು ತಂದ ಅಂತ ಅಕ್ಕಪಕ್ಕದೋರಿಗೆಲ್ಲಾ ಹೇಳಿಬಿಟ್ನಲ್ಲೋ."

ಮೈನಸ್ ನೂರಾ ಹತ್ತು

ಸ್ಪರ್ಧೆ ಭಾನುವಾರ ಮಧ್ಯಾಹ್ನ, ಕಿಟಕಿ ಬಾಗಿಲೆಲ್ಲಾ ತೆಗೆದಿಟ್ಟ ದೊಡ್ಡ ಹಾಲ್‌ನಲ್ಲಿ. ಹೆಂಡತಿಯೂ ಬಂದಿದ್ಲು. ನಾನು ಸೋಲೋದು ಗ್ಯಾರಂಟಿ ಅಂತ ರೂಮಿನ ಕಿಟಕಿಗೆ ಕರ್ಟನ್ ಬಟ್ಟೆ ಆಗಲೇ ತಗೊಂಡಿದ್ಲು.

ನನ್ನ ಕಾರ್ಡ್ ಮೈನಸ್ ನೂರಾ ಹತ್ತು ಡಿಗ್ರಿಯಲ್ಲಿ ನಿಂತ್ರೆ ಮಾತ್ರ ಓಡುತ್ತೆ. ಹೆಚ್ಚು ಸುರಿದೆ, ಸ್ಕ್ರೀನ್ ಕಪ್ಪಾಯ್ತು. ಕಮ್ಮಿ ಸುರಿದೆ, ಅರ್ಧದಲ್ಲೇ ನಿಂತುಹೋಯ್ತು. ಉಳಿದಿದ್ದು ಒಂದೇ ಅವಕಾಶ. ವಿದೇಶಿ ಪಾತ್ರೆ ಇಟ್ಕೊಂಡು ಮೊದಲ ಸ್ಥಾನದಲ್ಲಿ ಕೂತಿದ್ದವನು ನಕ್ಕ: "ಪಾತ್ರೆ ಚೆನ್ನಾಗಿದೆ ಸಾರ್. ಮೊದ್ಲು ಸುರಿಯೋದು ಕಲೀರಿ."

ಹೆಂಡತಿ ದಢಕ್ಕನೆ ಎದ್ಲು. "ನಮ್ಮನೆಯೋರಿಗೆ ನಾನು ಬಯ್ಯಬಹುದು. ನೀವ್ಯಾರ್ರೀ ಬಯ್ಯೋಕೆ?" ಅಂದು ನನ್ನ ಕಡೆ ತಿರುಗಿದ್ಲು. "ಕೊಡ್ರೀ ಇಲ್ಲಿ ಆ ನೈಟ್ರೋಜನ್ ಫ್ಲಾಸ್ಕು!"

ಜೊತೆಗೊಬ್ಬರನ್ನ ಇಟ್ಕೊಳ್ಳಬಹುದು ಅಂತ ನಿಯಮದಲ್ಲೇ ಇತ್ತು. ಗ್ಲೌಸು, ಮುಖಕ್ಕೆ ಕವಚ ಹಾಕ್ಕೊಂಡು ನಿಂತ್ಲು. ಬ್ಲೌಸ್ ಅಂಚಿಗೆ ಪೈಪಿಂಗ್ ಕೂರಿಸೋ ಕೈ ಅದು! ಕಣ್ಣು ಮೀಟರ್ ಮೇಲೆ, ಕೈ ಸಣ್ಣ ಧಾರೆ ಮೇಲೆ. ಮೈನಸ್ ನೂರಾ ಹತ್ತು ಅಂದ್ರೆ ನೂರಾ ಹತ್ತೇ. ಸ್ಕೋರು ಏರ್ತಾ ಏರ್ತಾ ಅವನದ್ದನ್ನ ದಾಟೇ ಬಿಡ್ತು. ಹಾಲ್‌ಗೆ ಹಾಲೇ ಎದ್ದು ಚಪ್ಪಾಳೆ. ನಾಚಿಕೆ ಬಿಟ್ಟು ಹೇಳ್ತೀನಿ, ಸಂತೋಷಕ್ಕೆ ನಾನು ಅತ್ತುಬಿಟ್ಟೆ.

ಸ್ಕೂಟರಲ್ಲಿ ವಾಪಸ್ ಬರ್ತಾ ಕೂಗಿದೆ: "ಗೆದ್ದೆ ಕಣೇ! ರೂಮ್ ಉಳೀತು!"

ಹಿಂದಿನಿಂದ ಕೇಳಿದ್ಲು: "ಸುರಿದಿದ್ದು ಯಾರು?"

"ನೀನೇ."

"ಅಂದ್ಮೇಲೆ ಗೆದ್ದಿದ್ದು ಯಾರು?"

ಈಗ ಆ ರೂಮಲ್ಲಿ ಹೊಲಿಗೆ ಮೆಷಿನ್ ಇದೆ, ಕಪಾಟಿನ ಮೇಲೆ ಟ್ರೋಫಿ ಇದೆ. ಬ್ಲೌಸ್ ಅಳತೆ ಕೊಡೋಕೆ ಬಂದೋರು ಟ್ರೋಫಿ ಯಾರದ್ದು ಅಂತ ಕೇಳಿದ್ರೆ ಹೇಳ್ತಾಳೆ: "ನಂದೇ. ಪಾತ್ರೆ ಮಾತ್ರ ನಮ್ಮನೆಯೋರು ತಂದುಕೊಟ್ಟಿದ್ದು, ಪಾಪ."